ಸೋದರಮಾವನ ಕತ್ತರಿ

ಕೂಸಿನ ತಲೆಯ ಮೇಲಿನ ಹುಟ್ಟುಗೂದಲು ಕೂಸಿನದಲ್ಲ. ನಂಬಿಕೆ ಬರದಿದ್ದರೆ, ಅದಕ್ಕೆ ಮನೆಯಲ್ಲೇ ಕತ್ತರಿ ಹಾಕುತ್ತೇವೆ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ವಾರಸುದಾರರು ಒಬ್ಬೊಬ್ಬರಾಗಿ ಎದ್ದು ಬರುತ್ತಾರೆ. ಮೊದಲ ಹಕ್ಕು ತಂದೆಯ ಕಡೆಯ ಮನೆದೇವರದು. ಆಮೇಲೆ ಆ ದೇವರಿಗೆ ಹರಕೆ ಹೊತ್ತ ಅಜ್ಜಿಯದು. ದಿನ ಗೊತ್ತುಮಾಡುವ ಹಕ್ಕು ಪಂಚಾಂಗದ್ದು, ಕತ್ತರಿ ಹಿಡಿಯುವ ಹಕ್ಕು ತಾಯಿಯ ಅಣ್ಣತಮ್ಮಂದಿರದು. ಬೀಗರಿಗೆ ಸೀರೆ ಎಂಥದು, ಕೊಬ್ಬರಿ ಬಟ್ಟಲು ಎಷ್ಟು ಎಂದು ಲೆಕ್ಕ ಹೇಳುವವರು ಬೇರೆಯೇ ಇದ್ದಾರೆ. ಹೆತ್ತವರು ಎಣ್ಣೆ ಹಚ್ಚಿ, ಬಾಚಿ, ಈ ಆಸ್ತಿಯನ್ನು ಕಾಯ್ದುಕೊಂಡಿರುವ ಗೇಣಿದಾರರು ಮಾತ್ರ. ಕೂಸಿಗಂತೂ ತನ್ನ ತಲೆಯ ಮೇಲೆ ಇಷ್ಟೊಂದು ವ್ಯವಹಾರ ನಡೆದಿದೆ ಎಂಬ ಸುದ್ದಿಯೇ ಇರುವುದಿಲ್ಲ.

ಈ ಪಟ್ಟಿಯಲ್ಲಿ ನಾನು ಕತ್ತರಿ ಹಕ್ಕಿನವನು. ಹಾವೇರಿ ಕಡೆಯ ನಮ್ಮ ಮನೆಗಳಲ್ಲಿ ಜಾವಳ ತೆಗೆಯುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂಡಬೇಕು, ಮೊದಲ ಕುಡಿಯನ್ನು ಅವನೇ ಕತ್ತರಿಸಬೇಕು. ಮಾವ ದುಬೈಯಲ್ಲಿದ್ದರೆ ದುಬೈಯಿಂದ ಬರಬೇಕು. ಮಾವನೇ ಇಲ್ಲದಿದ್ದರೆ ಓಣಿಯೊಳಗಿನ ಯಾರನ್ನಾದರೂ ಹಿಡಿದು ಆ ದಿನದ ಮಟ್ಟಿಗೆ ಮಾವನನ್ನಾಗಿ ಮಾಡಬೇಕು. ಅಕ್ಕನನ್ನು ಕೊಟ್ಟಿರುವುದು ಮೈಸೂರು ಸೀಮೆಗೆ. ಭಾವನ ಮನೆದೇವರು ನಂಜನಗೂಡಿನ ನಂಜುಂಡೇಶ್ವರ. ಅಲ್ಲಿ ಮುಡಿ ಕೊಡುತ್ತಾರೆ: ಕಪಿಲೆಯ ದಡದಲ್ಲಿ ಬೋಳಿಸಿ, ಹೊಳೆಯಲ್ಲಿ ಮೀಯಿಸಿ, ತಲೆಗೆ ಗಂಧ ಬಳಿದು ಗುಡಿಗೆ ಕರೆದೊಯ್ಯುತ್ತಾರೆ. ಕೂದಲು ಅವರ ದೇವರಿಗೆ, ಮಾವ ನಮ್ಮ ಕಡೆಯಿಂದ. ಬೀಗರ ನಡುವೆ ಇಷ್ಟು ಅಚ್ಚುಕಟ್ಟಾದ ಕರಾರು ಬೇರೆ ಯಾವ ವಿಷಯದಲ್ಲೂ ಆದದ್ದನ್ನು ನಾನು ಕಾಣೆ.

ಅಕ್ಕ ಭಾವ ಇರುವುದು ಡೀಮೆನ್ನಿನಲ್ಲಿ. ಆಮ್‌ಸ್ಟರ್‌ಡಾಮಿನ ಆಗ್ನೇಯ ಮಗ್ಗುಲಿಗೆ ಅಂಟಿಕೊಂಡಿದ್ದರೂ ತಾನು ಆಮ್‌ಸ್ಟರ್‌ಡಾಮ್ ಅಲ್ಲವೆಂದು ತನ್ನದೇ ಪುರಸಭೆ ಇಟ್ಟುಕೊಂಡಿರುವ ಊರು. 53ನೇ ಮೆಟ್ರೊ ಇಲ್ಲಿ ನಿಲ್ಲುತ್ತದೆ, 19ನೇ ಟ್ರಾಮು ಇಲ್ಲಿಗೇ ಬಂದು ಮುಗಿಯುತ್ತದೆ. ಹೊಸ ಅಪಾರ್ಟ್‌ಮೆಂಟುಗಳ ಬಾಲ್ಕನಿಗಳಲ್ಲಿ ಒಣಗುವ ಬಟ್ಟೆ ನೋಡಿಯೇ ಯಾವ ಮನೆ ನಮ್ಮವರದು ಎಂದು ಹೇಳಬಹುದು. ನಾನು ಇದ್ದದ್ದು ಐಂಡ್‌ಹೋವನ್‌ನಲ್ಲಿ, ಒಂದು ಕೋಣೆಯ ಮನೆಯಲ್ಲಿ. 2020ರ ಮಾರ್ಚ್ ಮಧ್ಯದಲ್ಲಿ ಶಾಲೆ, ಶಿಶುವಿಹಾರ, ಹೋಟೆಲುಗಳೆಲ್ಲ ಮುಚ್ಚಿದಾಗ ಅಕ್ಕ ಫೋನು ಮಾಡಿ, "ಒಬ್ನ ಏನ್ ಮಾಡ್ತಿ ಅಲ್ಲಿ, ಇಲ್ಲಿಗೆ ಬಾ, ಕೂಸಿನ ಹಿಡಕೊಳ್ಳಾಕ ಒಂದು ಕೈ ಆಗ್ತದ" ಎಂದಳು. ಒಂದು ಬ್ಯಾಗು, ಒಂದು ಲ್ಯಾಪ್‌ಟಾಪು ಹಿಡಿದು ಹೋದವನು ಬೇಸಿಗೆ ಬರುವವರೆಗೂ ಅಲ್ಲೇ ಉಳಿದೆ.

ಏಪ್ರಿಲ್ಲಿಗೆ ಊರಿಗೆ ಹೋಗಿ ಮುಡಿ ಕೊಡುವುದೆಂದು ಟಿಕೆಟ್ಟು ಆಗಿತ್ತು. ಮಾರ್ಚ್ 22ರ ರಾತ್ರಿಯಿಂದ ಭಾರತಕ್ಕೆ ವಿಮಾನ ನಿಂತಿತು. ಮಾರ್ಚ್ 24ರಿಂದ ನೆದರ್ಲೆಂಡ್ಸಿನ ಕ್ಷೌರದ ಅಂಗಡಿಗಳಿಗೆ ಬೀಗ ಬಿತ್ತು. ಅದೇ ವಾರ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರನಿಗೆ ಸೋಂಕು ಕಂಡು, ಅವನಿಂದ ಹತ್ತಾರು ಜನರಿಗೆ ಹಬ್ಬಿ, ಕರ್ನಾಟಕದ ನಕ್ಷೆಯಲ್ಲಿ ಕೆಂಪು ಬಳಿದ ಮೊದಲ ಊರುಗಳಲ್ಲಿ ಅದೂ ಒಂದಾಯಿತು. ಜಗತ್ತಿನಲ್ಲಿ ಎಲ್ಲ ಬಿಟ್ಟು ನಮ್ಮ ಹರಕೆಯ ಊರನ್ನೇ ಹುಡುಕಿಕೊಂಡು ಹೋಯಿತಲ್ಲ ಈ ರೋಗ ಎಂದು ಭಾವ ಹಣೆ ಚಚ್ಚಿಕೊಂಡ. ದೇವರು ಒಳಗೆ, ಕ್ಷೌರಿಕ ಒಳಗೆ, ನಾವೂ ಒಳಗೆ. ಹೊರಗೆ ಬೆಳೆಯುತ್ತಿದ್ದದ್ದು ಅಳಿಯನ ಕೂದಲೊಂದೇ.

ಅದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆದು ಹುಬ್ಬು ದಾಟಿ ಕಣ್ಣಿಗೆ ಬಂತು. ಹುಟ್ಟಿದಾಗಿನ ಕೂದಲಿನ ಬಹುಪಾಲು ಮೂರು ನಾಲ್ಕು ತಿಂಗಳಲ್ಲೇ ತಾನಾಗಿ ಉದುರಿ, ದಿಂಬಿಗೆ ಒರಗಿದ ಕಡೆ ಬೋಳು ಬಿದ್ದು, ಆಮೇಲೆ ಬಂದ ಬೆಳೆ ಇದು. ಹುಟ್ಟುಗೂದಲೆಂದು ದೇವರಿಗೆ ಕೊಡುವುದರಲ್ಲಿ ಹುಟ್ಟಿನದು ಎಷ್ಟಿರುತ್ತದೆಂದು ಅಕ್ಕ ಒಮ್ಮೆ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಕೆಳಮನೆಯ ಡಚ್ ಅಜ್ಜಿ ಬಾಲ್ಕನಿಯಿಂದ ನೋಡಿ, ಎಂಥ ಮುದ್ದಾದ ಹೆಣ್ಣುಮಗು ಎಂದು ದಿನಾ ಹೇಳುತ್ತಿದ್ದಳು. ಅಕ್ಕ ತಿದ್ದಿ ತಿದ್ದಿ ಸಾಕಾಗಿ, ಕೊನೆಗೆ ಹೆಣ್ಣುಮಗುವಿನ ಪರವಾಗಿಯೇ ಧನ್ಯವಾದ ಹೇಳತೊಡಗಿದಳು.

ವಿಡಿಯೋ ಕರೆಯಲ್ಲಿ ಎರಡೂ ಕಡೆಯ ಅಜ್ಜಿಯರನ್ನು ಒಟ್ಟಿಗೆ ಕೂರಿಸಿ ವಿಷಯ ಎತ್ತಿದೆವು.

"ಮುಡಿ ದೇವರದ್ದಪ್ಪ. ದೇವರದ್ದಕ್ಕೆ ಕತ್ತರಿ ಮುಟ್ಟಿಸಬಾರದು. ಕ್ಲಿಪ್ ಹಾಕಿ," ಎಂದರು ಮೈಸೂರಿನಿಂದ ಭಾವನ ತಾಯಿ.

"ಕ್ಲಿಪ್ ಕಿತ್ತು ಬಾಯಾಗ ಇಟ್ಕೊಂತಾನ್ರಿ ಅಕ್ಕಾರ," ಎಂದಳು ಹಾವೇರಿಯಿಂದ ನಮ್ಮ ಅವ್ವ. "ಮುಂದಿಂದಷ್ಟ ಕತ್ತರಿಸಿ ಅರಿಶಿಣದ ಅರಿವ್ಯಾಗ ಗಂಟು ಕಟ್ಟಿ ಇಡ್ಲಿ. ಗುಡಿ ಬಾಗ್ಲಾ ತಗದ ಮ್ಯಾಲೆ ಒಯ್ದು ಕೊಟ್ರಾತು. ದೇವ್ರೂ ಈಗ ಕ್ವಾರಂಟೈನಾಗ ಅದಾನ, ಅವಂಗೂ ತಿಳೀತದ."

ಮುಡಿಪು ಕಟ್ಟಿಡುವುದಾದರೆ ಸರಿ, ಆದರೆ ಪೂರ್ತಿ ಬೋಳಿಸುವುದು ಕಪಿಲೆಯ ದಡದಲ್ಲೇ ಎಂಬ ಷರತ್ತಿನ ಮೇಲೆ ಮೈಸೂರು ಒಪ್ಪಿತು. ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎಂಬ ಮಾತೂ ಅದರ ಹಿಂದೆಯೇ ಬಂತು. ಅಕ್ಕ ಸುಮ್ಮನಿರುವವಳಲ್ಲ. ಕೂದಲಿನ ಬೇರುಗಳೆಲ್ಲ ಹುಟ್ಟುವ ಮುಂಚೆಯೇ ಎಣಿಸಿಟ್ಟಾಗಿರುತ್ತವೆ, ತಲೆಯಲ್ಲಿ ಸುಮಾರು ಒಂದು ಲಕ್ಷ, ಕತ್ತಿ ಮುಟ್ಟುವುದು ಚರ್ಮದ ಮೇಲಿನ ಸತ್ತ ಎಳೆಯನ್ನು ಮಾತ್ರ. ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಎಂಬಾಕೆ 1928ರಲ್ಲೇ ಗಂಡಸರ ಗಡ್ಡ ಬೋಳಿಸಿ, ಅಳೆದು, ಬೋಳಿಸುವುದಕ್ಕೂ ಬೆಳೆಯುವುದಕ್ಕೂ ಸಂಬಂಧವಿಲ್ಲವೆಂದು ಬರೆದಿದ್ದಾಳೆ ಎಂದು ವಿವರಿಸಿದಳು. ಭಾವನ ತಾಯಿ ಪೂರ್ತಿ ಕೇಳಿಸಿಕೊಂಡು, "ಹೌದಾ ಮಗಾ, ಆದ್ರೂ ನಮ್ಮನೇಲಿ ಎಲ್ಲರಿಗೂ ದಟ್ಟವಾಗೇ ಬಂದಿದೆ" ಎಂದರು. ಅವ್ವ ನನ್ನ ಹಣೆಯ ಕಡೆ ನೋಡಿದಳು. ನನ್ನ ಜಾವಳವೂ ಶಾಸ್ತ್ರೋಕ್ತವಾಗಿಯೇ ಆಗಿತ್ತು. ಮೂವತ್ತೆರಡಕ್ಕೇ ನೆತ್ತಿ ಬಯಲಾಗಿತ್ತು. ಟ್ರಾಟರ್ ಪರವಾಗಿ ಇದ್ದ ಒಂದೇ ಸಾಕ್ಷಿ ನಾನು.

ದಿನ ಹುಡುಕುವ ಕೆಲಸವೇ ಬೀಳಲಿಲ್ಲ. ಏಪ್ರಿಲ್ 26, ಭಾನುವಾರ, ಅಕ್ಷಯ ತೃತೀಯ: ಮುಹೂರ್ತ ಕೇಳಬೇಕಿಲ್ಲದ ದಿನ. ನಮ್ಮ ಕಡೆಗೆ ಬಸವ ಜಯಂತಿ. ಅಳಿಯನಿಗೆ ಹನ್ನೊಂದನೇ ತಿಂಗಳು, ಬೆಸ. ಮಾರನೇ ದಿನ ನೆದರ್ಲೆಂಡ್ಸಿನ ರಾಜನ ಹುಟ್ಟುಹಬ್ಬ. ಊರೆಲ್ಲ ಕಿತ್ತಳೆ ಬಟ್ಟೆ ತೊಟ್ಟು ಬೀದಿಗಿಳಿಯುವ ಹಬ್ಬವನ್ನು ಆ ವರ್ಷ ಮನೆಯೊಳಗೇ ಆಚರಿಸಿ ಎಂದು ಹೇಳಿದ್ದರು. ರಾಹುಕಾಲವೊಂದು ನೋಡಿಕೊಳ್ಳಿ ಎಂದರು ಮೈಸೂರಿನವರು. ಭಾವ ಲೆಕ್ಕ ಹಾಕಲು ಕುಳಿತ. ಹಗಲನ್ನು ಎಂಟು ಪಾಲು ಮಾಡಿದರೆ ಒಂದು ಪಾಲು ರಾಹುವಿನದು. ನಮ್ಮೂರುಗಳಲ್ಲಿ ಹಗಲು ಹೆಚ್ಚುಕಡಿಮೆ ಹನ್ನೆರಡು ಗಂಟೆಯಾದ್ದರಿಂದ ಭಾನುವಾರ ಸಂಜೆ ನಾಲ್ಕೂವರೆಯಿಂದ ಆರು. ಡೀಮೆನ್ನಿನಲ್ಲಿ ಏಪ್ರಿಲ್ ಕೊನೆಯ ಸೂರ್ಯ ಬೆಳಿಗ್ಗೆ ಆರೂಕಾಲಕ್ಕೆ ಹುಟ್ಟಿ ರಾತ್ರಿ ಒಂಬತ್ತಕ್ಕೆ ಮುಳುಗುವವನು. ರಾಹು ಏಳು ದಾಟಿದ ಮೇಲೆ ಬಂದು ಒಂಬತ್ತರವರೆಗೆ ಕೂರುತ್ತಾನೆ. ಜೂನ್ ಕೊನೆಗಾದರೆ ಅವನ ಪಾಲು ಎರಡು ಗಂಟೆಗೂ ಮೇಲೆ, ಡಿಸೆಂಬರಿನಲ್ಲಿ ಒಂದು ಗಂಟೆಯೂ ಇಲ್ಲ. ಈ ದೇಶದಲ್ಲಿ ಶುಭಕಾರ್ಯಕ್ಕೆ ಚಳಿಗಾಲವೇ ಕ್ಷೇಮ ಎಂದು ಭಾವ ತೀರ್ಪು ಕೊಟ್ಟ.

ಅದೇ ಹುಮ್ಮಸ್ಸಿನಲ್ಲಿ ಅವನು ಆಶ್ವಲಾಯನ ಗೃಹ್ಯಸೂತ್ರವನ್ನೂ ತೆಗೆದ. ಹರ್ಮನ್ ಓಲ್ಡನ್‌ಬರ್ಗ್ 1886ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದ ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುತ್ತದೆ. ಚೌಲ ಮೂರನೇ ವರ್ಷಕ್ಕೆ, ಇಲ್ಲವೇ ಕುಲದ ರೂಢಿಯಂತೆ, ಎಂದು ಅದು ಶುರುವಾಗುತ್ತದೆ. ಬೆಂಕಿಯ ಪಕ್ಕ ತಾಯಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂರಬೇಕು. ತಂದೆ ಬಿಸಿನೀರು ತಣ್ಣೀರು ಬೆರೆಸಿ, ಬೆಣ್ಣೆಯನ್ನೋ ಮೊಸರನ್ನೋ ಸೇರಿಸಿ ತಲೆ ನೆನೆಸಬೇಕು. ಕೂದಲಿಗೆ ದರ್ಭೆ ಇಟ್ಟು, ಇವನನ್ನು ನೋಯಿಸಬೇಡ ಎಂದು ಕತ್ತಿಗೆ ಹೇಳಿ, ಬಲಗಡೆ ನಾಲ್ಕು ಸಲ, ಎಡಗಡೆ ಮೂರು ಸಲ ಕತ್ತರಿಸಬೇಕು. ಕತ್ತರಿಸಿದ್ದನ್ನು ಬನ್ನಿಯ ಎಲೆಯ ಜೊತೆ ತಾಯಿಯ ಕೈಗೆ ಕೊಡಬೇಕು; ಅವಳು ಅದನ್ನು ಎತ್ತಿನ ಸಗಣಿಯ ಮೇಲಿಡಬೇಕು.

"ಪೂರ್ತಿ ಓದಿದೆ. ನಿನ್ನ ಹೆಸರೇ ಇಲ್ಲ ಕಣೋ ಇದರಲ್ಲಿ," ಎಂದ ಭಾವ. ಮಾಡುವವನು ತಂದೆ, ಹಿಡಿಯುವವಳು ತಾಯಿ; ಸೋದರಮಾವ ಎಂಬ ಪಾತ್ರವೇ ಇಲ್ಲ.

"ನಿಮ್ಮ ನಂಜುಂಡೇಶ್ವರನೂ ಇಲ್ಲ, ಕಪಿಲೆಯೂ ಇಲ್ಲ," ಎಂದೆ. ಅದೂ ಸರಿಯೇ. ಸೂತ್ರದ ಚೌಲ ಮನೆಯಲ್ಲಿ, ಬೆಂಕಿಯ ಮುಂದೆ ನಡೆಯುವಂಥದು. ನಾವು ಮಾಡಹೊರಟದ್ದು ಪರದೇಶದಲ್ಲಿರುವವರ ರಾಜಿ ಎಂದುಕೊಂಡಿದ್ದೆವು, ನೋಡಿದರೆ ಹಳೆಯ ಪದ್ಧತಿಯೇ ಅದು. ಆದರೆ ಇನ್ನೂ ನಾಲ್ಕು ಸಾಲು ಮುಂದೆ ಓದಿದಾಗ ಇಬ್ಬರೂ ತಣ್ಣಗಾದೆವು. ತಂದೆಯ ಏಳು ಎಳೆಯ ಶಾಸ್ತ್ರ ಮುಗಿದ ಮೇಲೆ ಅವನು ಕತ್ತಿಯ ಅಲಗು ಒರೆಸಿ ಕ್ಷೌರಿಕನಿಗೆ ಅಪ್ಪಣೆ ಕೊಡುತ್ತಾನೆ: ಬೆಚ್ಚನೆಯ ನೀರಿನಿಂದ ಮಾಡಬೇಕಾದ್ದನ್ನು ಮಾಡಿ, ಗಾಯವಾಗದಂತೆ ಚೆನ್ನಾಗಿ ಒಪ್ಪಮಾಡು ಎನ್ನುತ್ತಾನೆ. ಸೂತ್ರದಲ್ಲಿ ಇದ್ದು ನಮ್ಮ ಮನೆಯಲ್ಲಿ ಇಲ್ಲದವನು ಅವನೊಬ್ಬನೇ. ದೇವರಿಗೆ ಮುಡಿಪು, ಅಜ್ಜಿಯರಿಗೆ ವಿಡಿಯೋ, ಮಾವನಿಗೆ ನಾನು. ಎಲ್ಲರಿಗೂ ಬದಲಿ ಒದಗಿತ್ತು. ಕೆಲಸ ಬಲ್ಲವನಿಗೆ ಮಾತ್ರ ಬದಲಿ ಇರಲಿಲ್ಲ.

ನಮ್ಮೂರಲ್ಲಿ ಹಡಪದ ಕಾಕಾ ಒಬ್ಬನಿದ್ದ. ಬೆಳಿಗ್ಗೆ ಚೀಲ ಹಿಡಿದು ಮನೆಮನೆಗೆ ಬರುವವನು. ಚೀಲದಲ್ಲಿ ಎರಡು ಕತ್ತಿ, ಒಂದು ಕತ್ತರಿ, ಸಾಣೆಕಲ್ಲು, ಅಲಗು ತಿಕ್ಕುವ ತೊಗಲಿನ ಪಟ್ಟಿ, ಹಿತ್ತಾಳೆ ಬಟ್ಟಲು, ಉಗುರು ತೆಗೆಯುವ ಸಣ್ಣ ಉಳಿ, ಅಂಗೈಯಗಲದ ಕನ್ನಡಿ. ದಿನದ ದುಡ್ಡಿನ ಲೆಕ್ಕವಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಜೋಳ ಒಯ್ಯುತ್ತಿದ್ದ. ಜಾವಳಕ್ಕೆ ಮಾತ್ರ ಬೇರೆ ಮರ್ಯಾದೆ: ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಹೊಸ ಧೋತರ. ಅಷ್ಟು ಕೊಟ್ಟವರು ಊಟಕ್ಕೆ ಮಾತ್ರ ಅವನ ತಾಟನ್ನು ಹೊರಗಿನ ಕಟ್ಟೆಯ ಮೇಲೇ ಇಡುತ್ತಿದ್ದರು. ಕೂಸಿನ ನೆತ್ತಿಯ ಮೇಲೆ ಅವನ ಕತ್ತಿ ಆಡಬಹುದಿತ್ತು, ಅವನು ಹೊಸ್ತಿಲು ದಾಟುವಂತಿರಲಿಲ್ಲ. ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣನನ್ನು ತಮ್ಮವನೆಂದು ಆ ಕುಲದವರು ಹೇಳಿಕೊಳ್ಳುತ್ತಾರೆ. ಕಲ್ಯಾಣದಲ್ಲಿ ಒಳಗೆ ಕೂತವನನ್ನು ನಮ್ಮೂರು ಮತ್ತೆ ಕಟ್ಟೆಗೆ ಕಳಿಸಿತ್ತು.

ನನ್ನ ಚಿಕ್ಕಪ್ಪನ ಮಗಳ ಜಾವಳವನ್ನು ಅವನು ತೆಗೆಯುವಾಗ ನಾನು ಹತ್ತಿರವೇ ಕುಂತು ನೋಡಿದ್ದೆ. ಕತ್ತಿಯನ್ನು ಅವನು ಬಹಳ ಹೊತ್ತು ಹೊರಗೇ ತೆಗೆಯಲಿಲ್ಲ. ಬೆಚ್ಚನೆಯ ನೀರಲ್ಲಿ ಕೈ ಅದ್ದಿ ಅದ್ದಿ ತಲೆ ತಿಕ್ಕುತ್ತಲೇ ಇದ್ದ. ಕೂದಲು ನೆನೆದರೆ ಅರ್ಧ ಕೆಲಸ ಮುಗೀತು, ಉಳಿದರ್ಧ ಕೂಸಿನದು ಎನ್ನುತ್ತಿದ್ದ. ಹುಡುಗಿ ಅತ್ತು ಸುಸ್ತಾಗಿ, ತಲೆಯ ಮೇಲಿನ ಬಿಸಿ ಕೈಗೆ ಹೊಂದಿಕೊಂಡು ಸುಮ್ಮನಾದಳು. ಆಮೇಲೆ ಅವನ ಎಡಗೈ ಆ ತಲೆಯನ್ನು ಪೂರ್ತಿ ಮುಚ್ಚಿತು. ಹಿಡಿಯಲಿಲ್ಲ, ಒತ್ತಲಿಲ್ಲ, ತಲೆ ಎತ್ತ ಹೊರಳಿದರೆ ಕೈಯೂ ಅತ್ತ ಹೊರಳುತ್ತಿತ್ತು. ಕತ್ತಿ ಇದ್ದ ಬಲಗೈ ಎಡಗೈಯ ಬೆರಳುಗಳ ನಡುವಿನ ಜಾಗದಲ್ಲಷ್ಟೇ ಕೆಲಸ ಮಾಡುತ್ತಿತ್ತು. ಕೂಸು ಮಿಸುಕುವ ಒಂದು ಕ್ಷಣ ಮೊದಲೇ ಅಲಗು ಮೇಲೆದ್ದಿರುತ್ತಿತ್ತು. ಅದು ಹೇಗೆ ತಿಳಿಯುತ್ತದೆ ಎಂದು ಕೇಳಿದ್ದಕ್ಕೆ, "ಕುತಗಿ ಹೇಳ್ತದ" ಎಂದಿದ್ದ. ಕತ್ತು ಬಿಗಿಯಾಯಿತೆಂದರೆ ಕೂಸು ತಿರುಗಲಿದೆ ಎಂದರ್ಥ. ಸೋದರಮಾವ ಎರಡು ಕುಡಿ ಕತ್ತರಿಸಿ ಫೋಟೊಕ್ಕೆ ನಿಂತದ್ದು ಎಲ್ಲರ ಮನೆಯ ಆಲ್ಬಮ್ಮಿನಲ್ಲೂ ಇದೆ. ಆ ಎಡಗೈ ಒಂದರಲ್ಲೂ ಇಲ್ಲ.

ನಮ್ಮ ಹತ್ತಿರ ಇದ್ದದ್ದು ಒಂದು ಮೊಂಡು ತುದಿಯ ಕತ್ತರಿ, ಭಾವನ ಗಡ್ಡದ ಟ್ರಿಮ್ಮರು. ಟ್ರಿಮ್ಮರಿನ ವಿಷಯದಲ್ಲಿ ಮಾತ್ರ ನಾವು ತೀರ್ಥಕ್ಷೇತ್ರದಲ್ಲೇ ಇದ್ದೆವು ಎನ್ನಬೇಕು. ನಾನಿದ್ದ ಐಂಡ್‌ಹೋವನ್ನಿನ ಫಿಲಿಪ್ಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಹೊರೊವಿಟ್ಸ್ ಎಂಬ ಇಂಜಿನಿಯರು ಸುತ್ತುವ ಅಲಗಿನ ವಿದ್ಯುತ್ ರೇಜರನ್ನು ರೂಪಿಸಿದ. 1939ರಲ್ಲಿ ಉತ್ರೆಕ್ತ್ ನಗರದ ವಸಂತ ಮೇಳದಲ್ಲಿ ಅದನ್ನು ಮೊದಲು ಜನರಿಗೆ ತೋರಿಸಿದರು. 1950ರಿಂದ ಉತ್ತರದ ದ್ರಾಖ್ತನ್ ಎಂಬ ಊರಿನ ಕಾರ್ಖಾನೆಯಲ್ಲಿ ತಯಾರಾಗಿ ಜಗತ್ತಿನ ಗಡ್ಡಗಳಿಗೆಲ್ಲ ಹೋಗಿದೆ. ಇಡೀ ಗಂಡುಕುಲಕ್ಕೆ ಮನೆಯಲ್ಲೇ ಕ್ಷೌರ ಕಲಿಸಿದ ದೇಶವಿದು. ಆದರೆ ಆ ಯಂತ್ರ ಗೊರ್ ಎಂದದ್ದೇ ತಡ ಅಳಿಯ ಮುಖ ಕೆಂಪಗೆ ಮಾಡಿಕೊಂಡು ಸೋಫಾದ ಹಿಂದಕ್ಕೆ ಅಂಬೆಗಾಲಿಟ್ಟ. ಹೊರೊವಿಟ್ಸನನ್ನು ಡ್ರಾಯರಿನಲ್ಲಿಟ್ಟು ಕತ್ತರಿಯೊಂದನ್ನೇ ನೆಚ್ಚಿಕೊಂಡೆವು.

ಬಚ್ಚಲಮನೆಯಲ್ಲಿ ಚಾಪೆ ಹಾಸಿ, ಅದರ ಮೇಲೆ ಹಳೇ ಬಿಳಿ ಪಂಚೆ. ಭಾವ ಬಿಸಿನೀರು ತಣ್ಣೀರು ಬೆರೆಸಿ, ಸೂತ್ರದ ಮರ್ಯಾದೆಗೆ ಫ್ರಿಜ್ಜಿನ ಬೆಣ್ಣೆ ಚೂರೊಂದನ್ನು ತೇಲಿಬಿಟ್ಟ. "ಏನ್ ಒಗ್ಗರಣಿ ಹಾಕ್ತಾರೇನು?" ಎಂದಳು ಫೋನಿನೊಳಗಿಂದ ಅವ್ವ. ಅಳಿಯನನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಕಾಕಾನನ್ನು ನೆನೆದು ತಲೆ ತಿಕ್ಕಿದೆ. ಕೈ ನೆತ್ತಿಗೆ ಬಂದಾಗ ನಿಂತಿತು. ಅಲ್ಲಿ ಮೂಳೆ ಇನ್ನೂ ಕೂಡಿರಲಿಲ್ಲ; ಬೆರಳ ಕೆಳಗೆ ನಾಡಿ ಹೊಡೆಯುವುದು ಗೊತ್ತಾಗುತ್ತಿತ್ತು. ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ, ಗಾಬರಿ ಬೇಡ ಎಂದು ಶಿಶು ಆರೋಗ್ಯ ಕೇಂದ್ರದ ದಾದಿ ಹೇಳಿದ್ದಳಂತೆ. ಆ ಕೇಂದ್ರದವರು ಪ್ರತಿ ಭೇಟಿಯಲ್ಲೂ ತಲೆಯ ಸುತ್ತಳತೆ ಅಳೆದು ನಕ್ಷೆಯಲ್ಲಿ ಚುಕ್ಕಿ ಇಡುತ್ತಾರೆ, ನಾಲ್ಕು ವರ್ಷದವರೆಗೆ ದಿನಕ್ಕೆ 10 ಮೈಕ್ರೊಗ್ರಾಂ ಡಿ ವಿಟಮಿನ್ ಹಾಕಿ ಎಂದು ಒತ್ತಿ ಹೇಳುತ್ತಾರೆ. ಮೊದಲ ಕ್ಷೌರದ ಬಗ್ಗೆ ಅವರ ಹತ್ತಿರ ಒಂದು ಮಾತೂ ಇಲ್ಲ.

"ಕತ್ತರಿ ಹಚ್ಚೋ ತಮ್ಮಾ, ಏನ್ ಧ್ಯಾನ ಮಾಡ್ಕೊಂತ ಕುಂತಿ," ಎಂದಳು ಅವ್ವ.

ಹಣೆಯ ಮೇಲಿನ ಕುಡಿಯನ್ನು ಎರಡು ಬೆರಳ ನಡುವೆ ಎತ್ತಿ ಕತ್ತರಿಸಿದೆ. ಎರಡು ಊರಿನ ಅಜ್ಜಿಯರು ಏಕಕಾಲಕ್ಕೆ ಏನೇನೋ ಹೇಳಿದರು. ನೆಟ್‌ವರ್ಕು ಕತ್ತರಿಸಿ ಹೋಯಿತು. ಅಲ್ಲಿಗೆ ನನ್ನ ಶಾಸ್ತ್ರೀಯ ಕರ್ತವ್ಯ ಮುಗಿಯಿತು, ಕೆಲಸ ಶುರುವಾಯಿತು. ತೊಡೆಯ ಮೇಲೆ ಕೂತ ಕೂಸಿನ ನೆತ್ತಿ ಮಾತ್ರ ಕಾಣುತ್ತದೆ, ಹಣೆ ಕಾಣುವುದಿಲ್ಲ. ಹಾಗಾಗಿ ಅಳಿಯ ಅಕ್ಕನ ತೊಡೆಗೆ ದಾಟಿದ. ಅಲ್ಲಿಯೂ ಸೂತ್ರವೇ ಗೆದ್ದಿತು. ಅವನ ಕೈಗೆ ಅಕ್ಕಿಯ ವೇಫರ್ ಕೊಟ್ಟರು. ಚುರುಮುರಿಯನ್ನು ಒತ್ತಿ ಬಿಲ್ಲೆ ಮಾಡಿದಂಥ ಈ ತಿಂಡಿ ಡಚ್ ಕೂಸುಗಳಿಗೆಲ್ಲ ಹಲ್ಲು ಬರುವ ಮುಂಚೆಯೇ ಅಭ್ಯಾಸ. ಜೊಲ್ಲಿಗೆ ನೆಂದ ವೇಫರಿಗೆ ಕತ್ತರಿಸಿದ ಕೂದಲೆಲ್ಲ ಅಂಟಿ, ದೇವರ ಸೊತ್ತಿನ ಒಂದು ಪಾಲು ಅವನ ಬಾಯಿಗೆ ಹೊರಟಿತು. ಭಾವ ಅದನ್ನು ಕಸಿದುಕೊಂಡ. ಆಮೇಲಿನ ಅಳುವಿಗೆ ಮೇಲಿನ ಮಹಡಿಯವರು ಬಾಲ್ಕನಿಗೆ ಬಂದರು.

ಕುತ್ತಿಗೆ ಹೇಳುತ್ತದೆ ಎಂದಿದ್ದ ಕಾಕಾ. ಹೇಳುತ್ತಿತ್ತು, ಆದರೆ ಕೇಳಿಸಿಕೊಳ್ಳುವ ಕೈ ಬೇಕು. ಹಣೆಯ ಸಾಲು ಹೇಗೋ ನೆಟ್ಟಗೆ ಬಂತು. ಎಡಗಿವಿಯ ಮೇಲೆ ಅವನು ತಲೆ ಒದರಿದಾಗ ಒಂದು ದೊಡ್ಡ ಜೊಂಪೆ ಹೋಯಿತು. ಬಲಗಡೆಯನ್ನು ಅದಕ್ಕೆ ಸರಿ ಮಾಡಲು ಹೊರಟಾಗ ಅಕ್ಕ ಕತ್ತರಿ ಕಿತ್ತಿಟ್ಟುಕೊಂಡಳು: "ಸಾಕು, ಇಲ್ಲಂದ್ರ ನಂಜನಗೂಡಿಗೆ ಏನೂ ಉಳಿಯಂಗಿಲ್ಲ." ಕೂದಲು ಇಳಿದ ಮೇಲೆ ಹಿಂದೆ ಎರಡು ಸುಳಿ ಕಂಡವು. ನೆಟ್‌ವರ್ಕು ಮರಳಿ ಬಂದಾಗ ಅಜ್ಜಿಯರಿಗೆ ತೋರಿಸಿದೆವು. ಎರಡು ಮದುವೆ ಎಂದು ಇಬ್ಬರೂ ಒಮ್ಮತದಿಂದ ಘೋಷಿಸಿದರು. ಎರಡೂ ಮದುವೆಗೆ ಸೋದರಮಾವನೇ ಕರ್ಚು ಮಾಡಬೇಕು ಎಂದು ಭಾವ ಸೇರಿಸಿದ.

ಕತ್ತರಿಸಿದ್ದನ್ನು ಏನು ಮಾಡುವುದೆಂಬ ಪ್ರಶ್ನೆಗೆ ಮುಡಿಪು ಎಂಬ ಉತ್ತರ ಸಿಕ್ಕಿದ್ದರೂ ಭಾವನಿಗೆ ಸಗಣಿಯ ಗುಂಗು ಬಿಟ್ಟಿರಲಿಲ್ಲ. ಡೀಮೆನ್ ದಾಟಿದರೆ ಹುಲ್ಲುಗಾವಲು, ಅದರ ತುಂಬ ಹಸುಗಳು. ಸಗಣಿಗೆ ಈ ದೇಶದಲ್ಲಿ ಬರವಿಲ್ಲ. ಹೆಚ್ಚಾಗಿರುವುದೇ ಇಲ್ಲಿಯ ರಾಜಕೀಯ. ಗೊಬ್ಬರದಿಂದ ಹೊಮ್ಮುವ ಸಾರಜನಕ ತಗ್ಗಿಸಲು ದನಗಳ ಸಂಖ್ಯೆ ಇಳಿಸಬೇಕೆಂಬ ಮಾತು ಬಂದದ್ದಕ್ಕೆ 2019ರ ಅಕ್ಟೋಬರ್ 1ರಂದು ರೈತರು ಸಾಲುಸಾಲು ಟ್ರ್ಯಾಕ್ಟರ್ ತಂದು ಹೇಗ್ ನಗರ ತುಂಬಿದ್ದರು. ಅಂಥ ನಾಡಿನಲ್ಲಿ ಎತ್ತಿನ ಸಗಣಿಯೇ ಬೇಕೆಂದು ಯಾರ ಹೊಲಕ್ಕೆ ನುಗ್ಗುವುದು? ಹರಿಯುವ ನೀರಿಗೆ ಒಂದಿಷ್ಟು ಬಿಡೋಣವೆಂದರೆ ಅದೂ ಕಷ್ಟ. ಊರ ನಡುವೆ ವೇಸ್ಪರ್ ಕಾಲುವೆ ಇದೆ. ಕುದುರೆ ದೋಣಿ ಎಳೆಯಲೆಂದು 17ನೇ ಶತಮಾನದಲ್ಲಿ ತೋಡಿದ್ದು, ನಿಂತ ನೀರು. ಕಪಿಲೆ ತಾನಾಗಿ ಹರಿಯುತ್ತಾಳೆ; ಕಡಲಿಗಿಂತ ಕೆಳಗಿರುವ ಈ ನೆಲದಲ್ಲಿ ನೀರು ಹರಿಯಬೇಕಾದರೆ ಪಂಪು ಓಡಬೇಕು. ಕೊನೆಗೆ ಅರಿಶಿನ ಬಟ್ಟೆಯಲ್ಲಿ ಕೂದಲಿಟ್ಟು, ಭಾವನ ಪರ್ಸಿನ ಮೂಲೆಯಲ್ಲಿ ಸಿಕ್ಕ ಒಂದು ರೂಪಾಯಿ ನಾಣ್ಯ ಸೇರಿಸಿ ಗಂಟು ಹಾಕಿ ದೇವರ ಕಪಾಟಿಗೆ ಏರಿಸಿದೆವು. ಯೂರೋ ಹಾಕಿದರೆ ದೇವರ ಹುಂಡಿಯವರಿಗೆ ಲೆಕ್ಕದ ತೊಂದರೆ ಎಂದು ಅದನ್ನು ಕೈಬಿಟ್ಟದ್ದು.

ಅಳುವಿಗೆ ಹೊರಬಂದಿದ್ದ ಮೇಲಿನ ಮನೆಯ ಮೊರೊಕ್ಕೊ ಮೂಲದ ತಾಯಿ ವಿಷಯ ತಿಳಿದು ಕೇಳಿದ ಮೊದಲ ಪ್ರಶ್ನೆ: ತೂಗಿದಿರಾ? ಅವರಲ್ಲಿ ಹುಟ್ಟಿದ ಏಳನೇ ದಿನ ತಲೆ ಬೋಳಿಸಿ, ಕೂದಲಿನ ತೂಕದಷ್ಟು ಬೆಳ್ಳಿಯ ಬೆಲೆಯನ್ನು ಬಡವರಿಗೆ ಕೊಡುವ ವಾಡಿಕೆ. ಗಂಟು ಬಿಚ್ಚಿ ಅಡುಗೆಮನೆಯ ತಕ್ಕಡಿಗೆ ಇಟ್ಟರೆ ಮುಳ್ಳು ಒಂದು ಗ್ರಾಮಿನ ಹತ್ತಿರ ನಡುಗಿತು. ಬೆಳ್ಳಿಗೆ ಆಗ ಗ್ರಾಮಿಗೆ ಅರ್ಧ ಯೂರೋ ಕೂಡ ಇರಲಿಲ್ಲ. ನನಗೆ ಈ ಪದ್ಧತಿ ತುಂಬ ಹಿಡಿಸಿತು: ಬಡವರ ಮೇಲಿನ ಕರುಣೆಗೂ ಕೂಸಿನ ಕೂದಲಿಗೂ ಒಂದು ಅಳತೆಗೋಲು, ಜೇಬಿಗೂ ಭಾರವಿಲ್ಲ. ಕೆಳಮನೆಯ ಅಜ್ಜಿ ಮಾತ್ರ ಹೆಣ್ಣುಮಗು ಗಂಡಾದದ್ದಕ್ಕೆ ಸ್ವಲ್ಪ ಬೇಸರಪಟ್ಟು, ಆಮೇಲೆ ಒಂದು ಚಿಕ್ಕ ಲಕೋಟೆ ಕಳಿಸಿದಳು. ಮೊದಲ ಕುಡಿಯನ್ನು ಅದರಲ್ಲಿಟ್ಟು ಮಗುವಿನ ಆಲ್ಬಮ್ಮಿಗೆ ಅಂಟಿಸಬೇಕಂತೆ. ಅವಳ ಮಗನ ಕುಡಿ ಈಗಲೂ ಇದೆಯಂತೆ, ಮಗನ ತಲೆಯಲ್ಲಿ ಉಳಿದಿಲ್ಲವಾದರೂ. ವಾರಸುದಾರರ ಪಟ್ಟಿಗೆ ಹೀಗೆ ಆಲ್ಬಮ್ಮೂ ಸೇರಿತು.

ಮೇ 6ರಂದು ಕರ್ನಾಟಕ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಪ್ರಕಟಿಸಿತು. ಅದರಲ್ಲಿ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ. ಇಲ್ಲಿ ಅಂಗಡಿ ಮುಚ್ಚಿದ್ದ ಕ್ಷೌರಿಕರಿಗೆ ಸಿಕ್ಕದ್ದು ಒಂದು ಬಾರಿಯ 4,000 ಯೂರೋ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲವೆಂದು ಗೊತ್ತು, ಆದರೂ ತೂಗಿದೆ. ಮೇ 11ರಂದು ಇಲ್ಲಿಯ ಅಂಗಡಿಗಳು ತೆರೆದಾಗ ನಡುರಾತ್ರಿ ಹನ್ನೆರಡಕ್ಕೇ ಕತ್ತರಿ ಹಿಡಿದವರಿದ್ದರು. ಜನ ಅವರನ್ನು ಗಡಿಯಿಂದ ಮರಳಿದ ಸೈನಿಕರ ಹಾಗೆ ಬರಮಾಡಿಕೊಂಡರು ಎಂದರೆ ಹೆಚ್ಚಲ್ಲ. ಅದೇ ವರ್ಷ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆ ಎಂಬ ಊರಿಂದ ಇನ್ನೊಂದು ಸುದ್ದಿ ಬಂತು: ದಲಿತರಿಗೆ ಕ್ಷೌರ ಮಾಡಿದನೆಂದು ಒಬ್ಬ ಕ್ಷೌರಿಕನಿಗೆ ಊರವರು ಬಹಿಷ್ಕಾರ ಹಾಕಿ ದಂಡ ಕೇಳಿದ್ದರು. ಭಾವ ಅದನ್ನು ಓದಿ ಫೋನು ಪಕ್ಕಕ್ಕಿಟ್ಟ. ನಮ್ಮ ಮುಡಿಪು ಹೋಗಬೇಕಾಗಿದ್ದದ್ದು ಆ ತಾಲ್ಲೂಕಿಗೇ.

ಹೋದದ್ದು 2022ರ ಏಪ್ರಿಲ್ಲಿನಲ್ಲಿ. ಹಿಂದಿನ ತಿಂಗಳ ಕೊನೆಗಷ್ಟೇ ವಿಮಾನಗಳು ಮೊದಲಿನಂತೆ ಓಡಾಡತೊಡಗಿದ್ದವು. ಅಳಿಯನಿಗೆ ಇನ್ನೂ ಮೂರನೇ ವರ್ಷವೇ ನಡೆಯುತ್ತಿತ್ತು. ಸೂತ್ರ ತಪ್ಪಲಿಲ್ಲ ಎಂದು ಭಾವ ಬೀಗಿದ. ಕಪಿಲೆಯ ಮೆಟ್ಟಿಲಿನ ಮೇಲೆ ಕೂತ ಕ್ಷೌರಿಕನಿಗೆ ನನ್ನಷ್ಟೇ ವಯಸ್ಸು. ಹೊಸ ಬ್ಲೇಡಿನ ಕಾಗದವನ್ನು ನಮ್ಮ ಕಣ್ಣೆದುರೇ ಬಿಚ್ಚಿ, ಎರಡು ಹೋಳು ಮಾಡಿ, ಒಂದನ್ನು ಕತ್ತಿಗೆ ಸಿಕ್ಕಿಸಿದ. ಆಮೇಲೆ ಅದನ್ನು ಪಕ್ಕಕ್ಕಿಟ್ಟು ತಲೆ ನೆನೆಸುವುದಕ್ಕೆ ಶುರುಮಾಡಿದ. ಮುಗಿಸುವ ಲಕ್ಷಣವೇ ಕಾಣಲಿಲ್ಲ. ಅಳಿಯ ಅರ್ಧ ಕನ್ನಡ ಅರ್ಧ ಡಚ್ಚಿನಲ್ಲಿ ನದಿಯಲ್ಲಿ ಬಾತುಕೋಳಿ ಯಾಕಿಲ್ಲ ಎಂದು ಕೇಳುತ್ತಲೇ ಇದ್ದ. ನಾನು ಅವನನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದಿದ್ದೆ.

"ಸಡಿಲ ಬಿಡಿ ಸಾರ್," ಎಂದ ಅವನು. "ಮಗು ಅಲುಗಾಡ್ತಿಲ್ಲ, ನೀವು ಅಲುಗಾಡ್ತಿದ್ದೀರಿ."

ಬಿಟ್ಟೆ. ಎಡಗೈ ತಲೆಯನ್ನು ಮುಚ್ಚಿತು. ನದಿಯಲ್ಲಿ ಬಾತುಕೋಳಿ ಇಲ್ಲದ್ದಕ್ಕೆ ಭಾವ ಕಾರಣ ಹುಡುಕುವಷ್ಟರಲ್ಲಿ ತಲೆ ನುಣ್ಣಗಾಗಿತ್ತು, ಎರಡೂ ಸುಳಿಯ ಜಾಗ ಮಾತ್ರ ನಸುಗಪ್ಪು. ಒಂದು ಗೀರೂ ಇಲ್ಲ. ಅವನು ಕೇಳಿದ್ದರ ಮೇಲೆ ಅಕ್ಕ ಒಂದಷ್ಟು ಸೇರಿಸಿ ಕೊಟ್ಟಳು, ಅವ್ವ ಹಾವೇರಿಯಿಂದ ಕಟ್ಟಿ ತಂದಿದ್ದ ಧೋತರವನ್ನೂ ಎಲೆ ಅಡಿಕೆಯ ಮೇಲಿಟ್ಟು ಕೊಟ್ಟಳು. ಧೋತರ ಕಂಡು ಅವನಿಗೆ ಆಶ್ಚರ್ಯವಾಯಿತು; ಈಗ ಯಾರೂ ಕೊಡುವುದಿಲ್ಲವಂತೆ. ಅದನ್ನು ಕಣ್ಣಿಗೊತ್ತಿ ಚೀಲದಲ್ಲಿಟ್ಟುಕೊಂಡು, ಬ್ಲೇಡಿನ ಇನ್ನೊಂದು ಹೋಳನ್ನು ನೋಡಿ, ನನ್ನ ತಲೆ ನೋಡಿದ.

"ಬನ್ನಿ ಸಾರ್, ನಿಮ್ದೂ ಆಗೋಗ್ಲಿ. ಇರೋದೇ ಅಷ್ಟು, ಅರ್ಧ ಕೊಡಿ ಸಾಕು."

"ಮಾಡಿಸ್ಕೋಪ್ಪ, ಬಂದಿದೀಯ," ಎಂದರು ಭಾವನ ತಾಯಿ. ಮೆಟ್ಟಿಲ ಮೇಲೆ ಕೂತೆ. ಅಳಿಯ ಗಂಧ ಹಚ್ಚಿಸಿಕೊಳ್ಳಲು ಹೋಗದೆ ಓಡಿ ಬಂದು, ಎದುರಿಗೆ ನಿಂತು, ನನ್ನ ಎರಡೂ ಕಿವಿ ಹಿಡಿದು, ಅಲುಗಾಡಬೇಡ ಎಂದು ಡಚ್ಚಿನಲ್ಲಿ ಗದರಿಸಿದ.